ಒಳಗಿನ ಗಾಳಿ

"ಬ್ಯಾಡ್ರಿ, ಹಚ್ಚಬ್ಯಾಡ್ರಿ!"

ಅನುಜಾ ಕೂಗುವಷ್ಟರಲ್ಲಿ ಮಧುಮತಿ ಸ್ವಿಚ್ ಒತ್ತಿಯಾಗಿತ್ತು. ಕೈಯಲ್ಲಿದ್ದ ಮಷೀನಿನ ಗಾಜಿನ ಕೊಳವೆಯೊಳಗೆ ನೇರಳೆ ಬೆಳಕು ಚಟಚಟನೆ ಎದ್ದಿತು. ಅದರ ಬೆನ್ನಿಗೇ ವಾಸನೆ, ಸಿಡಿಲು ಹೊಡೆದ ಬಯಲಿನಲ್ಲಿ ನಿಲ್ಲುವಂಥದ್ದು. ಅನುಜಾ ಮಂಚದಿಂದ ಎದ್ದೋಡಿ ಬಂದು ವೈರು ಕಿತ್ತಳು. ಬೆಳಕು ಆರಿತು.

ಮಧುಮತಿ ಕಕ್ಕಾಬಿಕ್ಕಿಯಾದಳು. ಅಫಜಲಪುರದಲ್ಲಿ ಅವಳದೊಂದು ಪುಟ್ಟ ಬ್ಯೂಟಿ ಪಾರ್ಲರು. ಮೊಡವೆಗೆ ಈ ಮಷೀನು ಹಿಡಿಯುವುದರಲ್ಲಿ ಪಳಗಿದ ಕೈ ಎಂದು ಹೆಸರಾಗಿ, ಕರೆದ ಊರುಗಳಿಗೂ ಹೋಗುತ್ತಿದ್ದಳು. ಹೋದ ವಾರ ಆಳಂದದ ಸುಮಿತ್ರಾಬಾಯಿಯ ಮನೆಗೆ ಬಂದಾಗ, ಪಕ್ಕದ ಮನೆಯ ಸರಸ್ವತಿಬಾಯಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದರು. ಇವತ್ತು ಅವರೇ ಫೋನು ಮಾಡಿ ಕರೆಸಿದ್ದರು. ಮಗಳು ಅನುಜಾಳ ಮುಖ ಕೆಟ್ಟಿದೆ, ನಾಳೆ ಜೇವರ್ಗಿಯಿಂದ ಅಳಿಯ ಕರೆಯಲು ಬರುತ್ತಾನೆ ಎಂದಿದ್ದರು.

ಬಂದವಳೇ ಅವಸರದಲ್ಲಿ ಮಷೀನು ಹಚ್ಚಿದ್ದಳು; ಈಗ ಕಣ್ಣಾಡಿಸಿದರೆ ಇದು ಬಾಣಂತಿ ಕೋಣೆ. ಕಿಟಕಿಯ ಸಂದಿಗೆಲ್ಲ ಹಳೆ ಸೀರೆ ತುರುಕಿದೆ. ಬಜೆ, ಲೋಬಾನ, ಎಣ್ಣೆ, ಹಾಲು, ಎಲ್ಲ ಸೇರಿದ ಬೆಚ್ಚನೆಯ ವಾಸನೆ. ಮೂಲೆಯ ತೊಟ್ಟಿಲಿಗೆ ಬಿಳಿ ಧೋತರ ಹೊದಿಸಿದೆ. ಮಧುಮತಿ ದನಿ ತಗ್ಗಿಸಿದಳು.

"ಕೂಸು ಎದ್ದೀತ್ರಿ ಬಾಯಾರ. ಹೊರಗ ಹೋಗೂಣು."

"ಜೋರಾಗೇ ಮಾತಾಡವ್ವ, ಏನಾಗಂಗಿಲ್ಲ," ಎಂದರು ಸರಸ್ವತಿಬಾಯಿ. "ಮಷೀನು ಇಲ್ಲೇ ಹಚ್ಚು."

"ಇಲ್ಲಿ ಹಚ್ಚಾಕ ಬರಂಗಿಲ್ರಿ, ಕಿಡಕಿ ಮುಚ್ಚಿದ್ದು ನಾ ನೋಡಿರಲಿಲ್ಲ. ಈ ವಾಸನಿ ಅದಲ್ರಿ, ಇದಕ್ಕ ಓಝೋನ್ ಅಂತಾರ. ಕರೆಂಟಿನ ಕಿಡಿಗೆ ಗಾಳಿನೇ ಹಿಂಗ ಆಗತದ. ಮುಚ್ಚಿದ ಕೋಣ್ಯಾಗ ತುಂಬಿಕೊಂಡ್ರ ಎದಿ ಹಿಡೀತದ. ಘತ್ತರಗಿ ಊರಾಗ ಒಬ್ಬಾಕಿಗೆ ದಮ್ಮಿತ್ತು. ಆಕಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸಂಜೀತನಕ ಕೆಮ್ಮಿದಳ್ರಿ. ಆ ಊರ ದೇವಿ, ತಾಯಿ ಭಾಗ್ಯವಂತಿ ಕಾಯ್ದಳು. ಅವತ್ತಿನಿಂದ ಕಿಡಕಿ ತೆಗೀದೆ ನಾ ಇದನ್ನ ಹಚ್ಚಂಗಿಲ್ಲ."

"ಹಂಗಾರ ಕಿಡಕಿ ತೆಗೀತೇನಿ ತಡಿ," ಎಂದು ಸರಸ್ವತಿಬಾಯಿ ತಾವೇ ಮುಂದಾದರು.

ಅನುಜಾ ಕಿಟಕಿಗೆ ಬೆನ್ನು ಕೊಟ್ಟು ನಿಂತಳು. ಗಲ್ಲದ ತುಂಬ ಕೆಂಪು ಗುಳ್ಳೆ. ನಿದ್ದೆಗೆಟ್ಟ ಕಣ್ಣು.

"ಅವ್ವಾ, ಮುಟ್ಟಬ್ಯಾಡ. ಒಳಗಿನ ಗಾಳಿ ಹೊರಗ ಹೋಗಬಾರದು."

ಹೊರಗಿನ ಗಾಳಿ ಒಳಗೆ ಬರಬಾರದೆನ್ನುವ ಬಾಣಂತಿಯರನ್ನು ಮಧುಮತಿ ಬೇಕಾದಷ್ಟು ಕಂಡಿದ್ದಳು. ಪಾಪ, ನಿದ್ದೆಯಿಲ್ಲದೆ ಮಾತು ತಿರುವುಮುರುವಾಗಿದೆ ಎಂದುಕೊಂಡಳು.

"ಊಟ ಇಲ್ಲೇ, ನಿದ್ದಿ ಇಲ್ಲೇ," ಸರಸ್ವತಿಬಾಯಿಯ ದನಿ ಗಡುಸಾಯಿತು. "ನಾಳೆ ಗಂಡ ಬಂದ್ರ ಏನ್ ಮಾಡ್ತಿ?"

"ಬರಲಿ. ಅವರೂ ಇಲ್ಲೇ ಕೂಡಲಿ."

ಸರಸ್ವತಿಬಾಯಿ ಮಧುಮತಿಯ ಕಡೆ ತಿರುಗಿದರು. "ಸುಮಿತ್ರಾಬಾಯಿ ಮುಂದ ಅವತ್ತು ಏನಂದಿದ್ದಿ ನೀ?"

ಮಧುಮತಿಗೆ ನಗು ಬಂತು. "ಅದಾ? ಚ್ಯಾಷ್ಟಿ ಮಾಡಿದ್ದೆರಿ. ನನ್ನ ಮಷೀನು ಹಚ್ಚಿದ್ರ ನಿಮ್ಮ ಅಡಗಿಮನಿ ಬಳ್ಳೊಳ್ಳಿ ವಾಸನಿನೂ ಊರು ಬಿಟ್ಟು ಓಡತದ ಅಂದಿದ್ದೆ. ಹಂಗ ನೋಡಿದ್ರ ಖರೇನ ಅದು. ಲಾಡ್ಜಿನಾಗ ಸಿಗರೇಟಿನ ವಾಸನಿ ಕಳಿಯಾಕ ಇದೇ ಗಾಳಿ ಬಿಡತಾರಂತ."

ಅನುಜಾಳ ಮುಖ ಬಿಳಿಚಿಕೊಂಡಿತು. ಕಿತ್ತ ವೈರನ್ನು ಮಧುಮತಿಯ ಕೈಗಿಟ್ಟು ಅವಳನ್ನು ಬಾಗಿಲ ಕಡೆ ತಳ್ಳಿದಳು. "ತೊಗೊಂಡು ಹೋಗ್ರಿ ಅಕ್ಕಾರ. ನಿಮ್ಮ ಕಾಲಿಗೆ ಬೀಳ್ತೇನಿ."

"ಮಾರಿಗೆ ಹಿಡೀಲಿಲ್ಲಂದ್ರೂ ನಡೀತದವ್ವ," ಸರಸ್ವತಿಬಾಯಿ ಅಂಗಲಾಚಿದರು. "ಸುಮ್ನ ಹಚ್ಚಿಟ್ಟು ನೀ ಹೊರಗ ಕೂಡು."

ಮಧುಮತಿಗೆ ಸಿಟ್ಟು ನೆತ್ತಿಗೇರಿತು. ಎಂಥ ಅಜ್ಜಿ ಈಕೆ! "ಕೂಸಿನ ಎದಿ ಎಷ್ಟಿರತದ್ರಿ ಬಾಯಾರ? ದೊಡ್ಡವರೇ ತಡಕೊಳ್ಳೂದಿಲ್ಲ. ಏನಾರ ಅನ್ನಕೋರಿ, ನಾ ಹಚ್ಚಂಗಿಲ್ಲ."

ಅನುಜಾ ಅವಳ ಎರಡೂ ಕೈ ಹಿಡಿದು ತನ್ನ ಕಣ್ಣಿಗೊತ್ತಿಕೊಂಡಳು. ಆಮೇಲೆ ಇಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಬಾಗಿಲ ಕೆಳಗಿನ ಸಂದಿಗೆ ಒಳಗಿನಿಂದ ಬಟ್ಟೆ ತುರುಕುವ ಸದ್ದು ಕೇಳಿತು.

ಪಡಸಾಲೆಯಲ್ಲಿ ದೇವರ ದೀಪ ಅಲುಗದೆ ಉರಿಯುತ್ತಿತ್ತು. ಸರಸ್ವತಿಬಾಯಿ ಅದರ ಮುಂದೆ ಕುಸಿದು ಕೂತರು. ಮಧುಮತಿ ಚಪ್ಪಲಿ ಮೆಟ್ಟಿದಳು. ಆದರೂ ಹೇಳದೆ ಹೋಗಲು ಮನಸ್ಸಾಗಲಿಲ್ಲ.

"ತಪ್ಪು ತಿಳೀಬ್ಯಾಡ್ರಿ ಬಾಯಾರ. ನಿಮ್ಮ ಮಗಳು ಕೂಸಿನ ಸಲುವಾಗಿ ತನ್ನ ಮಾರಿ ಬಿಟ್ಟುಕೊಟ್ಟಳು. ಅಜ್ಜಿ ಆಗಿ ನಿಮಗ್ಯಾಕ್ರಿ ಇಷ್ಟು ಹಟ?"

ಸರಸ್ವತಿಬಾಯಿ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು.

"ಕೂಸು ಮಣ್ಣಿಗೆ ಹೋಗಿ ತಿಂಗಳಾತವ್ವ. ಅದರ ವಾಸನಿ ಒಂದೇ ಆ ಕೋಣ್ಯಾಗ ಉಳದದ. ಅದೂ ಹೋದ್ರ ನನ್ನ ಮಗಳು ಹೊರಗ ಬಂದಾಳಂತ ನಿನ್ನ ಕರಿಸಿದ್ದೆ."