ಹಿಟ್ಟಿಲ್ಲದ ರೊಟ್ಟಿ

ಊಟದ ಕಿಂಡಿ ಈವತ್ತೂ ತೆರೆಯಲಿಲ್ಲ. ಯಮನಪ್ಪ ಮಣಿಕಟ್ಟಿನ ಪಟ್ಟಿಯನ್ನು ಅದರೆದುರು ಹಿಡಿದ ಕೂಡಲೇ ಪಟ್ಟಿ ಎಂದಿನ ನಯವಾದ ದನಿಯಲ್ಲಿ, "ನೀವು ದಿನವಿಡೀ ವಿಶ್ರಾಂತಿಯಲ್ಲಿದ್ದಿರಿ. ಸುಟ್ಟ ಕ್ಯಾಲೊರಿ ಸಾಲದು," ಎಂದಿತು.

ಬೆಳಗಿನಿಂದ ಅವನು ಲಾರಿಯಿಂದ ಗೋದಾಮಿಗೆ ಜೋಳದ ಚೀಲ ಹೊತ್ತಿದ್ದ. ಬೆನ್ನ ಮೇಲಿನ ಚೀಲವನ್ನು ಬಿಗಿಯಾಗಿ ಹಿಡಿದ ಕೈ ಅಲುಗುವುದಿಲ್ಲ. ಪಟ್ಟಿಗೆ ಗೊತ್ತಾಗುವುದು ಕೈಯ ಅಲುಗಾಟವೊಂದೇ. ಇದು ಊರಿಗೆಲ್ಲ ಗೊತ್ತು. ಆದರೂ ಪಟ್ಟಿ ಹೇಳಿದಷ್ಟೇ ದುಡಿಮೆ, ಕಿಂಡಿ ಕೊಟ್ಟಷ್ಟೇ ಊಟ.

ಹೆಂಡತಿ ಕಸ್ತೂರೆವ್ವ ಕಿಂಡಿಯ ಪಕ್ಕದಲ್ಲೇ ಕೂತು ರೊಟ್ಟಿ ಬಡಿಯುವವಳು. ಕೂತಲ್ಲೇ ಅವಳು ದಿನಕ್ಕೆ ಮೂವತ್ತು ಮೈಲಿ ಓಡುತ್ತಾಳೆಂದು ಅವಳ ಪಟ್ಟಿ ಹೇಳುತ್ತದೆ. ಒಬ್ಬರ ಪಾಲನ್ನು ಇನ್ನೊಬ್ಬರು ಉಣ್ಣುವಂತಿಲ್ಲ.

"ಬರ್ರಿ, ಇಲ್ಲಿ ಕುಂದರ್ರಿ," ಎಂದು ಅವಳು ರೊಟ್ಟಿ ಬಡಿಯುವ ಖಾಲಿ ಕಲ್ಲೊಂದನ್ನು ತೋರಿಸಿದಳು. ಅಲ್ಲಿ ಆಗಲೇ ನಾಲ್ವರು ಹಮಾಲರು ಸಾಲಾಗಿ ಕೂತು ಬರೀ ಕಲ್ಲು ಬಡಿಯುತ್ತಿದ್ದರು.

"ಹಿಟ್ಟೆಲ್ಲಿ ಐತಿ?"

"ಹಿಟ್ಟ್ಯಾಕ್ರಿ? ಕೈ ಅಷ್ಟ ಆಡಸ್ರಿ. ಜೋರ."

ಯಮನಪ್ಪ ಬಡಿದ. ರಟ್ಟೆ ಬಿದ್ದುಹೋಗುವ ಹೊತ್ತಿಗೆ ಕಿಂಡಿ ತೆರೆದು, ತಟ್ಟೆಯಲ್ಲಿ ಎರಡು ಬಿಸಿ ರೊಟ್ಟಿ ಬಂದವು. ಮುರಿಯಲು ಹೋದರೆ ಕೈ ಗಡಗಡ ನಡುಗತೊಡಗಿತು. ಇನ್ನೊಂದು ಕೈಯಿಂದ ಅದುಮಿ ಹಿಡಿದರೂ ನಿಲ್ಲಲಿಲ್ಲ. ಮೊದಲ ತುತ್ತು ಬಾಯಿ ಮುಟ್ಟದೆ ನೆಲಕ್ಕೆ ಬಿತ್ತು.

ಪಟ್ಟಿಯಲ್ಲಿ ಹಸಿರು ದೀಪ ಹೊತ್ತಿಕೊಂಡಿತು.

"ಭೇಷ್! ಬಹಳ ಚೆನ್ನಾಗಿ ಓಡುತ್ತಿದ್ದೀರಿ," ಎಂದಿತು ಅದು. "ಓಡುವಾಗ ಏನನ್ನೂ ತಿನ್ನಬಾರದು."

ತಟ್ಟೆ ಮೆಲ್ಲಗೆ ಒಳಗೆ ಸರಿಯಿತು.