ಅರ್ಧ ಉಳಿದ ಬರ್ಗರ್

ಯುಗಾದಿ ಕಳೆದು ಬಿಸಿಲೇರಿದ ಒಂದು ಮಧ್ಯಾಹ್ನ, ಮೊಮ್ಮಗಳು ತಂದ ಬರ್ಗರನ್ನು ಅರ್ಧ ತಿಂದು ಫಕೀರಪ್ಪ ಕುರ್ಚಿಯಲ್ಲೇ ತೀರಿಕೊಂಡ. ಮಣ್ಣು ಮಾಡಿ ಬರುವಷ್ಟರಲ್ಲಿ ಮತ್ತೆ ಅಲ್ಲೇ ಕುಳಿತಿದ್ದ. ಸತ್ತವರು ತಾವು ಉಳಿಸಿದ ಕೊನೆಯ ಊಟ ಕೊಳೆಯುವ ತನಕ ಮನೆಯಲ್ಲಿರುವುದು ಎಲ್ಲ ಕಡೆಯ ರೂಢಿ. ಎದುರುಮನೆಯ ಮುದುಕಿ ಮಜ್ಜಿಗೆ ಅನ್ನ ಉಳಿಸಿ ಸತ್ತವಳು, ಅದು ಹಳಸಿ ಬೇಗ ಹೋದಳು. ಫಕೀರಪ್ಪನ ಬರ್ಗರ್ ಮಾತ್ರ ಬಿಸಿಲಿಗೆ ಹಪ್ಪಳದಂತೆ ಒಣಗಿತು.

"ಸಾಯೋ ದಿನ ಅದನ್ಯಾಕ ತಿಂದ್ರಿ?" ಎಂದಳು ಹೆಂಡತಿ ಶಂಕ್ರವ್ವ, ಹಪ್ಪಳ ಲಟ್ಟಿಸುತ್ತ.

"ಸಾಯ್ತೀನಂತ ಗೊತ್ತಿದ್ರ ನಾನೂ ಮಜ್ಜಿಗಿ ಅನ್ನಾನ ಉಣ್ತಿದ್ದೆ. ಹಸಿವಿಲ್ಲ, ನಿದ್ದಿಲ್ಲ, ಕುಂತು ಕುಂತು ಸಾಕಾತು. ಅದರ ಮ್ಯಾಲ ಒಂಚೂರು ನೀರು ಚಿಮುಕಸು, ಶಂಕ್ರಿ."

"ಮಳಿಗಾಲ ಬರ್ಲಿ, ತಾನ ಕೊಳಿತೈತಿ."

ನೀರು ಸೋಕಿದರೆ ಬೂಷ್ಟು ಹಿಡಿಯುತ್ತದೆಂದು ಹಪ್ಪಳ ಮಾಡುವವಳಿಗೆ ಗೊತ್ತಿಲ್ಲವೇ? ಅದಕ್ಕೇ ಅವಳು ಬರ್ಗರನ್ನು ಹಪ್ಪಳದ ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿದಿದ್ದಳು.

ಮಳೆಗಾಲ ಬಂತು. ಡಬ್ಬಿಯೊಳಗೆ ಏನೂ ಆಗಲಿಲ್ಲ. ಫಕೀರಪ್ಪ ಮತ್ತೆ ಕೇಳಲಿಲ್ಲ. ಗೋಡೆ ನೋಡುತ್ತ ಕುಳಿತ. ಅದನ್ನು ಅವಳಿಗೆ ನೋಡಲಾಗಲಿಲ್ಲ. ಒಂದು ಸಂಜೆ ಬರ್ಗರನ್ನು ಒದ್ದೆ ಅರಿವೆಯಲ್ಲಿ ಸುತ್ತಿ ಅವನ ಮುಂದಿಟ್ಟಳು. ಅದು ಹಸಿರಾಗುವವರೆಗೂ ಪ್ರತಿ ಊಟಕ್ಕೆ ಅವನ ಪಕ್ಕದಲ್ಲೇ ಕುಳಿತು ಮಜ್ಜಿಗೆ ಅನ್ನ ಉಂಡಳು.

"ರೊಟ್ಟಿ ಯಾಕ ಬಿಟ್ಟಿ?" ಎಂದ.

"ನಂಗೂ ತಡ ಆಗಬಾರ್ದಲ್ರಿ."

ಗುರುವಾರ ಮುಂಜಾನೆ ಫಕೀರಪ್ಪ ಹೋದ.