ಶಿವನಂಜಪ್ಪನವರ ಕೊನೆಯ ನಿಮಿಷ

ಗಂಡ ತೀರಿಕೊಂಡರೆಂದು ನರ್ಸ್ ಬಂದು ಹೇಳಿದ ಸೋಮವಾರ, ಚೆನ್ನಾಜಮ್ಮ ಅಳುವುದನ್ನು ಆಮೇಲಕ್ಕೆ ಇಟ್ಟುಕೊಂಡು ವಾರ್ಡಿಗೆ ಓಡಿದರು. ಸತ್ತ ಸ್ವಲ್ಪ ಹೊತ್ತಿಗೆ ಎಲ್ಲರಿಗೂ ಒಂದು ನಿಮಿಷ ಮಾತು ಮರಳುತ್ತದಲ್ಲ, ಅದಕ್ಕೆ. ಲಕ್ವ ಹೊಡೆದ ದಿನವೇ ಶಿವನಂಜಪ್ಪನವರ ಮಾತು ಬಿದ್ದುಹೋಗಿತ್ತು. ಮದುವೆಯಾದಂದಿನಿಂದ ಹೆಂಡತಿಯನ್ನು ‘ಇವಳೇ’ ಎಂದಷ್ಟೇ ಕರೆದಿದ್ದ ಅವರ ಬಾಯಲ್ಲಿ ಒಂದು ಸಲ ತನ್ನ ಹೆಸರು ಕೇಳಬೇಕೆಂಬುದು ಆಕೆಯ ಆಸೆ.

ಹಾಸಿಗೆಯ ಪಕ್ಕದಲ್ಲಿ ಆಸ್ಪತ್ರೆಯ ಗುಣಮಟ್ಟ ತಪಾಸಣೆಯ ಅಧಿಕಾರಿ ಆಗಲೇ ಕೂತಿದ್ದ. “ಸ್ವಲ್ಪ ಆಚೆ ನಿಂತ್ಕೊಳಿ ಅಮ್ಮ. ಆಸ್ಪತ್ರೆ ವರದಿಗೆ ನಾಕು ಪ್ರಶ್ನೆ ಕೇಳ್ಬೇಕು. ಮಿಕ್ಕಿದ ಹೊತ್ತು ನಿಮ್ದೇ.”

ಶಿವನಂಜಪ್ಪನವರು ಕಣ್ಣು ಬಿಟ್ಟರು.

“ಆಸ್ಪತ್ರೆ ಬಾಗಿಲಿಗೆ ಬಂದ ಎಷ್ಟು ಹೊತ್ತಿಗೆ ಸ್ಕ್ಯಾನ್ ಮಾಡಿದ್ರು?”

ಬಸ್ ನಿಲ್ದಾಣದಲ್ಲಿ ಬಸ್ಸುಗಳ ವೇಳೆ ಬರೆದೇ ಮುದುಕರಾದವರು ಅವರು. ಸಾವಧಾನವಾಗಿ, ಒಂದೂ ಬಿಡದೆ ಹೇಳತೊಡಗಿದರು. “ನಿಮ್ಮ ಗೋಡೆ ಗಡಿಯಾರ ನಿಂತಿತ್ತು ಸ್ವಾಮಿ, ಅದನ್ನೂ ಬರ್ಕೊಳಿ.”

“ಹೂಂ ಅಂದ್ರೆ ಸಾಕು ಕಣ್ರೀ,” ಎಂದು ಚೆನ್ನಾಜಮ್ಮ ಬೇಡಿಕೊಂಡರು.

ಇಂಜೆಕ್ಷನ್ನಿನ ಪ್ರಶ್ನೆಗೂ ಊಟದ ಪ್ರಶ್ನೆಗೂ ಅಷ್ಟೇ ವಿವರವಾದ ಉತ್ತರ ಬಂತು.

“ಕೊನೇದು. ಜೊತೇಲಿ ಯಾರು ಬಂದಿದ್ರು?”

“ನಮ್ಮ ಇವ್ಳು.”

“ಹೆಸರು ಬೇಕು ಯಜಮಾನ್ರೇ.”

ಶಿವನಂಜಪ್ಪನವರು ಹೆಂಡತಿಯ ಕಡೆ ನೋಡಿ ಮದುಮಗನ ಹಾಗೆ ನಾಚಿಕೊಂಡರು. ಆ ನಾಚಿಕೆಯಲ್ಲೇ ನಿಮಿಷ ತೀರಿತು.

ಅಧಿಕಾರಿ ‘ಜೊತೆಗೆ ಯಾರೂ ಇರಲಿಲ್ಲ’ ಎಂದು ಬರೆದುಕೊಂಡು ಮುಂದಿನ ಹಾಸಿಗೆಗೆ ಹೋದ.

ಚೆನ್ನಾಜಮ್ಮ ಗಂಡನ ಹಣೆಗೆ ವಿಭೂತಿ ಹಚ್ಚಿ ಕೈಮುಗಿದರು. “ಶಿವನೇ, ಇವರಿಗೆ ಶಾಂತಿ ಕೊಡಪ್ಪ. ಅಲ್ಲಾದ್ರೂ ಇವರನ್ನ ಯಾರೂ ಏನೂ ಕೇಳದೆ ಇರಲಿ.”